ಐದನೇ ವರ್ಷದ ಪಿಎಚ್‌.ಡಿ. ಮತ್ತು ನಮ್ಮ ಪರ್ಮಿಟ್ ರೂಮುಗಳು

ಜುಲೈ ಬಂತೆಂದರೆ ಮುಂಬಯಿಯ ನಮ್ಮ ಸಂಘ-ಸಂಸ್ಥೆಗಳಲ್ಲಿ ವಿದ್ಯಾರ್ಥಿವೇತನ ವಿತರಣೆ ಹಾಗೂ ಪ್ರತಿಭಾ ಪುರಸ್ಕಾರ ಸಮಾರಂಭಗಳ ಸಾಲು. ಎಸ್ಸೆಸ್ಸಿಯಲ್ಲಿ ಶೇ. 90 ದಾಟಿದ ಮಕ್ಕಳು, ಸಿ.ಎ. ಮುಗಿಸಿದವರು, ಎಂ.ಬಿ.ಬಿ.ಎಸ್. ಪಾಸಾದವರು ವೇದಿಕೆ ಏರುತ್ತಾರೆ. ಶಾಲು, ಹೂಗುಚ್ಛ, ಸ್ಮರಣಿಕೆ, ಗಣ್ಯರೊಂದಿಗೆ ಫೋಟೋ. ಇದರಲ್ಲಿ ತಪ್ಪೇನಿಲ್ಲ. ಆದರೆ ಆ ವೇದಿಕೆಯಲ್ಲಿ ಜಾಗ ಇರುವುದು ಮುಗಿಸಿದವರಿಗೆ ಮಾತ್ರ. 2025ರ ಜುಲೈಯಲ್ಲಿ ಇಂಥದ್ದೇ ಒಂದು ಸಮಾರಂಭದಲ್ಲಿ ಸಭಾಗೃಹದ ಹಿಂದಿನ ಸಾಲಿನಲ್ಲಿ ತಾಯಿಯೊಂದಿಗೆ ಕುಳಿತಿದ್ದ ಯುವತಿಯೊಬ್ಬಳನ್ನು ನಮ್ಮ ಹಿರಿಯರೊಬ್ಬರು ಪ್ರೀತಿಯಿಂದಲೇ ಕೇಳಿದರು: "ಏನು ಮಗಾ, ನಿನ್ನ ಪಿಎಚ್‌.ಡಿ. ಇನ್ನೂ ಮುಗಿಯಲಿಲ್ಲವಾ?" ಆಕೆ ನಕ್ಕು ಸುಮ್ಮನಾದಳು. ತಾಯಿ ಬೇರೆ ಕಡೆ ನೋಡಿದರು.

ಆ ಕುಟುಂಬ ಈ ಲೇಖಕನಿಗೆ ಪರಿಚಿತ. ಹೆಸರು ಬೇಡವೆಂದು ಆಕೆಯೇ ಕೇಳಿಕೊಂಡಿರುವುದರಿಂದ ಇಲ್ಲಿ ಬರೆಯುತ್ತಿಲ್ಲ. ತಂದೆ ಕುಂದಾಪುರದ ಕಡೆಯವರು, ಥಾಣೆಯಲ್ಲಿ ಪರ್ಮಿಟ್ ರೂಮ್ ಇರುವ ಹೊಟೇಲು ನಡೆಸುತ್ತಾರೆ. ಮಗಳು ಮನಃಶಾಸ್ತ್ರದಲ್ಲಿ ಎಂ.ಎ. ಮಾಡಿ 2021ರ ಡಿಸೆಂಬರಿನಲ್ಲಿ ಸಂಶೋಧನೆಗೆ ಸೇರಿದಳು. ಕುಡಿತದ ಚಟಕ್ಕೂ ಮನುಷ್ಯನ ಗಮನಕ್ಕೂ ಏನು ಸಂಬಂಧ ಎಂಬುದು ಆಕೆಯ ವಿಷಯ. ಅಪ್ಪನ ದುಡಿಮೆಯೂ ಮಗಳ ವಿಷಯವೂ ಒಂದೇ ಬಾಟಲಿಯ ಸುತ್ತ ಇರುವುದು ಕಾಕತಾಳೀಯವಲ್ಲ ಎನ್ನುತ್ತಾಳೆ. ಚಿಕ್ಕಂದಿನಲ್ಲಿ ಗಲ್ಲಾದ ಪಕ್ಕ ಕುಳಿತು ಹೋಮ್‌ವರ್ಕ್ ಮಾಡಿದವಳು ಅವಳು.

ಚಟ ಎಂದೊಡನೆ ನಮ್ಮಲ್ಲಿ ಬರುವ ಮಾತು ಒಂದೇ: "ಮನಸ್ಸು ಗಟ್ಟಿ ಮಾಡಬೇಕು." ವಿಜ್ಞಾನ ಈ ಮಾತನ್ನು ಬಹಳ ಹಿಂದೆಯೇ ದಾಟಿ ಹೋಗಿದೆ. 1993ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಟೆರಿ ರಾಬಿನ್ಸನ್ ಮತ್ತು ಕೆಂಟ್ ಬೆರಿಜ್ ಎಂಬಿಬ್ಬರು ಒಂದು ಸಿದ್ಧಾಂತ ಮುಂದಿಟ್ಟರು. ಒಂದು ವಸ್ತು ಇಷ್ಟವಾಗುವುದು ಬೇರೆ, ಅದು ಬೇಕೆನಿಸುವುದು ಬೇರೆ. ಮಿದುಳಿನಲ್ಲಿ ಇವೆರಡರ ದಾರಿಗಳೂ ಬೇರೆ ಎಂಬುದು ಅದರ ತಿರುಳು. ಮತ್ತೆ ಮತ್ತೆ ಸೇವಿಸಿದಾಗ ಡೋಪಮೈನ್ ಎಂಬ ರಾಸಾಯನಿಕದ ಮೇಲೆ ನಡೆಯುವ 'ಬೇಕು' ದಾರಿ ಅತಿಸೂಕ್ಷ್ಮವಾಗುತ್ತದೆ. ಇಷ್ಟ ಮಾತ್ರ ಅದೇ ಪ್ರಮಾಣದಲ್ಲಿ ಬೆಳೆಯುವುದಿಲ್ಲ, ಕಡಿಮೆಯಾದರೂ ಆದೀತು. ಆಮೇಲೆ ಬಾಟಲಿಯ ಬಣ್ಣ, ಗ್ಲಾಸಿನ ಸದ್ದು, ಸಂಜೆ ಏಳರ ಹೊತ್ತು, ಹೊಟೇಲಿನ ಬೋರ್ಡು ಇವೆಲ್ಲ ಅಯಸ್ಕಾಂತದಂತೆ ಕಣ್ಣನ್ನು ಎಳೆಯತೊಡಗುತ್ತವೆ. ಗಲ್ಲಾದಲ್ಲಿ ಕುಳಿತ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ದಿನಾ ಅದೇ ಹೊತ್ತಿಗೆ, ಅದೇ ಟೇಬಲಿಗೆ ಬಂದು, ಮುಖದಲ್ಲಿ ಒಂದಿನಿತೂ ಖುಷಿಯಿಲ್ಲದೆ ಕುಡಿದು ಹೋಗುವ ಗಿರಾಕಿಯನ್ನು ನಮ್ಮ ಹೊಟೇಲಿಗರೆಲ್ಲ ಕಂಡಿದ್ದಾರೆ. ನಿರ್ಧಾರ ಮಾಡುವ ಮೊದಲೇ ಅವನ ಗಮನ ಬಾಟಲಿಯ ಕಡೆಗೆ ಹೊರಟುಹೋಗಿರುತ್ತದೆ.

ಹೊರಟುಹೋಗುತ್ತದೆ ಎಂದರೆ ಎಷ್ಟು ಬೇಗ, ಎಷ್ಟು ಬಲವಾಗಿ? ಅದನ್ನು ಅಳೆಯುವುದೇ ಆಕೆಯ ಕೆಲಸ. ಅಳೆಯುವ ಸಾಧನವೊಂದನ್ನು ಕಾಲಿನ್ ಮ್ಯಾಕ್ಲಿಯಾಡ್ ಮತ್ತು ಸಂಗಡಿಗರು 1986ರಲ್ಲಿ ಆತಂಕದ ರೋಗಿಗಳ ಅಧ್ಯಯನಕ್ಕಾಗಿ ರೂಪಿಸಿದ್ದರು. ಕಂಪ್ಯೂಟರ್ ಪರದೆಯ ಮೇಲೆ ಎರಡು ಚಿತ್ರಗಳು ಅರ್ಧ ಸೆಕೆಂಡಿನಷ್ಟು ಹೊತ್ತು ಕಾಣಿಸುತ್ತವೆ. ಒಂದರಲ್ಲಿ ಮದ್ಯದ ಬಾಟಲಿ, ಇನ್ನೊಂದರಲ್ಲಿ ನೀರಿನ ಬಾಟಲಿ. ಚಿತ್ರಗಳು ಮರೆಯಾದ ಕೂಡಲೇ ಎರಡರಲ್ಲಿ ಒಂದರ ಜಾಗದಲ್ಲಿ ಚುಕ್ಕೆ ಮೂಡುತ್ತದೆ. ಚುಕ್ಕೆ ಕಂಡ ಕೂಡಲೇ ಗುಂಡಿ ಒತ್ತಬೇಕು. ಮದ್ಯದ ಚಿತ್ರ ಇದ್ದ ಕಡೆ ಚುಕ್ಕೆ ಬಂದಾಗ ಕೈ ಚುರುಕಾದರೆ, ಗಮನ ಮೊದಲೇ ಅಲ್ಲಿತ್ತು ಎಂದರ್ಥ. ವ್ಯತ್ಯಾಸವೆಲ್ಲ ಸೆಕೆಂಡಿನ ಸಾವಿರದ ಭಾಗಗಳ ಲೆಕ್ಕದಲ್ಲಿ. ಅಕ್ಷರ ಓದುವ ಗೊಡವೆ ಇಲ್ಲದ್ದರಿಂದ ಕನ್ನಡ, ಮರಾಠಿ, ಭೋಜಪುರಿ ಎಂಬ ಭೇದವಿಲ್ಲದೆ ಯಾರಿಗೂ ಮಾಡಿಸಬಹುದು; ಮುಂಬಯಿಯಂಥ ಊರಿಗೆ ಹೇಳಿಮಾಡಿಸಿದ್ದು ಎಂದುಕೊಂಡು ಆಕೆ ಕೆಲಸ ಶುರುಮಾಡಿದಳು.

ಒಂದೂವರೆ ವರ್ಷದ ಬಳಿಕ ಪೆಟ್ಟು ಬಿತ್ತು. ಒಬ್ಬನೇ ವ್ಯಕ್ತಿಯನ್ನು ಈ ಸೋಮವಾರ ಪರೀಕ್ಷಿಸಿದರೆ ಒಂದು ಉತ್ತರ, ಮುಂದಿನ ಸೋಮವಾರ ಮತ್ತೊಂದು. 25 ಕಿಲೋದ ಅಕ್ಕಿಚೀಲವನ್ನು ಬೆಳಿಗ್ಗೆ 25, ಸಂಜೆ 19 ಎಂದು ತೋರಿಸುವ ತಕ್ಕಡಿಯನ್ನು ಯಾವ ಹೊಟೇಲಿನವನೂ ಅಡುಗೆಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ತಪ್ಪು ತನ್ನದೇ ಎಂದುಕೊಂಡು ಆಕೆ ತಿಂಗಳುಗಟ್ಟಲೆ ಒದ್ದಾಡಿದಳು. ಹುಡುಕುತ್ತಾ ಹೋದಾಗ ಇದೇ ದೂರು ಹಳೆಯದೆಂದು ತಿಳಿಯಿತು. ಈ ಚುಕ್ಕೆ ಪರೀಕ್ಷೆ ನಂಬಲರ್ಹವಲ್ಲ ಎಂದು ಜರ್ಮನಿಯ ಸ್ಟೆಫಾನ್ ಶ್ಮುಕ್ಲೆ 2005ರಲ್ಲೇ ಬರೆದಿದ್ದರು; ಚಟದ ಅಧ್ಯಯನಗಳಲ್ಲೂ ಅದೇ ಕತೆ ಎಂಬುದನ್ನು 2012ರಲ್ಲಿ ಬೇರೆ ಸಂಶೋಧಕರು ತೋರಿಸಿದ್ದರು. ನೂರು ಜನರ ಸರಾಸರಿಯನ್ನು ಹೇಳಲು ಸಾಧನ ಸಾಕಾದೀತು. ಎದುರಿಗೆ ಕುಳಿತ ಈ ಒಬ್ಬ ಮನುಷ್ಯ ಎಷ್ಟು ಸಿಕ್ಕಿಬಿದ್ದಿದ್ದಾನೆ ಎಂದು ಹೇಳಲು ಸಾಲದು. ವೈದ್ಯರಿಗೆ ಬೇಕಾಗಿರುವುದಾದರೋ ಆ ಒಬ್ಬನ ಲೆಕ್ಕ.

ಇಲ್ಲಿ ನಿಂತು ಯೋಚಿಸಬೇಕಾದದ್ದಿದೆ. ಹೊರಗಿನವರ ಲೆಕ್ಕದಲ್ಲಿ ಆಕೆ ಎರಡು ವರ್ಷ ಹಾಳುಮಾಡಿಕೊಂಡಳು. ಸಂಶೋಧನೆಯ ಲೆಕ್ಕದಲ್ಲಿ ಅವಳು ಮುಂದೆ ಬಂದದ್ದು ಆಗಲೇ. ಏಕೆಂದರೆ ಈ ಕ್ಷೇತ್ರದ ಜಗಳ ಇಂದಿಗೂ ನಡೆಯುತ್ತಿರುವುದು ಇದೇ ಪ್ರಶ್ನೆಯ ಮೇಲೆ: ತಕ್ಕಡಿ ಕೆಟ್ಟಿದೆಯೋ, ಅಥವಾ ಚೀಲದ ಅಕ್ಕಿಯೇ ಹೊತ್ತಿಗೊಂದು ತೂಕ ಇರುತ್ತದೆಯೋ? ಬ್ರಿಟನ್ನಿನ ಮ್ಯಾಟ್ ಫೀಲ್ಡ್ ಮತ್ತು ಸಹೋದ್ಯೋಗಿಗಳ ವಾದ ಎರಡನೆಯದು. ಮದ್ಯದ ಕಡೆಗಿನ ಸೆಳೆತ ಮನುಷ್ಯನಿಗೆ ಅಂಟಿದ ಸ್ಥಿರ ಗುಣವಲ್ಲ, ಕುಡಿಯಬೇಕೆಂಬ ತವಕದೊಂದಿಗೆ ಏರಿಳಿಯುವಂಥದ್ದು ಎನ್ನುತ್ತಾರೆ ಅವರು. ಹಾಗಿದ್ದರೆ ಬೆಳಿಗ್ಗೆ ಹತ್ತು ಗಂಟೆಗೆ ಆಸ್ಪತ್ರೆಯ ಕೋಣೆಯಲ್ಲಿ ಅಳೆದದ್ದಕ್ಕೂ ಸಂಜೆ ಏಳಕ್ಕೆ ಸ್ಟೇಷನ್ ರಸ್ತೆಯಲ್ಲಿ ನಡೆಯುವುದಕ್ಕೂ ಸಂಬಂಧ ಕಡಿಮೆಯೇ.

ಇನ್ನೊಂದು ದಾರಿಯೂ ಕಾಣಿಸಿತು. ಎಲ್ಲರಿಗೂ ಒಂದೇ ಚಿತ್ರ ತೋರಿಸುವ ಬದಲು ಆಯಾ ವ್ಯಕ್ತಿ ಕುಡಿಯುವ ಮದ್ಯದ ಚಿತ್ರವನ್ನೇ ತೋರಿಸಿ, ಗುಂಡಿಯ ಬದಲು ಕಣ್ಣಿನ ಚಲನೆಯನ್ನೇ ಅಳೆದರೆ ಪರೀಕ್ಷೆ ಹೆಚ್ಚು ನಂಬಲರ್ಹವಾಗುತ್ತದೆ ಎಂದು 2015ರ ಬ್ರಿಟಿಷ್ ಅಧ್ಯಯನವೊಂದು ಹೇಳುತ್ತದೆ. ಆಗ ಆಕೆಗೆ ಹೊಳೆಯಿತು: ತಾನು ತೋರಿಸುತ್ತಿದ್ದ ಚಿತ್ರಗಳೆಲ್ಲ ವಿದೇಶದಿಂದ ಬಂದವು. ಉದ್ದ ಕಾಲಿನ ವೈನ್ ಗ್ಲಾಸು, ಪಬ್ಬಿನ ಬಿಯರ್ ಮಗ್ಗು. ಥಾಣೆಯ ಪರ್ಮಿಟ್ ರೂಮಿನಲ್ಲಿ ಕ್ವಾರ್ಟರ್ ಕುಡಿಯುವವನ ಗಮನವನ್ನು ಆ ಗ್ಲಾಸು ಏಕೆ ಸೆಳೆದೀತು? ಅವನದು 180 ಮಿ.ಲೀ. ಬಾಟಲಿ, ಸೋಡಾ, ಸ್ಟೀಲಿನ ಬಟ್ಟಲಲ್ಲಿ ಮಸಾಲಾ ಸೇಂಗಾ. ಒಂದು ಮಧ್ಯಾಹ್ನ ಹೊಟೇಲು ಖಾಲಿ ಇದ್ದಾಗ ಆಕೆ ಕ್ಯಾಮೆರಾ ತಂದು ಅಪ್ಪನ ಟೇಬಲುಗಳ ಮೇಲೆಯೇ ಇವನ್ನೆಲ್ಲ ಜೋಡಿಸಿ ಫೋಟೋ ತೆಗೆದಳು.

ಅಪ್ಪನಿಗೆ ಇದು ಸಹಿಸಲಿಲ್ಲ. "ನನ್ನ ಗಿರಾಕಿಗಳನ್ನೆಲ್ಲ ರೋಗಿಗಳು ಅಂತ ಬರೀತೀಯಾ?" ಎಂದು ಕೇಳಿದರಂತೆ. ಮಗಳು ಕೊಟ್ಟ ಉತ್ತರ: "ಹೆಚ್ಚಿನವರು ರೋಗಿಗಳಲ್ಲ ಅಪ್ಪ. ಯಾರು ಹೌದು, ಯಾರು ಅಲ್ಲ ಅಂತ ಗೊತ್ತಾಗಬೇಕಲ್ಲ."

ಮಗಳ ಮಾತಿಗೆ ಅಂಕಿಅಂಶದ ಬಲವಿದೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದಿಲ್ಲಿಯ ಏಮ್ಸ್ ನಡೆಸಿದ, 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದೊಳಗಿನವರಲ್ಲಿ ಶೇ. 14.6 ಮಂದಿ ಮದ್ಯ ಸೇವಿಸುತ್ತಾರೆ. ಮದ್ಯಕ್ಕೆ ದಾಸರಾದವರು ಶೇ. 2.7. ಅಂದರೆ ಕುಡಿಯುವ ಐದಾರು ಜನರಲ್ಲಿ ಒಬ್ಬ. ಆ ಒಬ್ಬರಾದರೂ ಚಿಕಿತ್ಸೆಗೆ ಹೋಗುತ್ತಾರೆಯೇ? ಹಾಗೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದೆ ಎನ್ನುತ್ತದೆ ಅದೇ ಸಮೀಕ್ಷೆ.

2025ರ ಜುಲೈ 14ರಂದು ಮಹಾರಾಷ್ಟ್ರದ ಪರ್ಮಿಟ್ ರೂಮುಗಳು ಆಹಾರ್ ಸಂಘಟನೆಯ ಕರೆಯಂತೆ ಬಂದ್ ಆಚರಿಸಿದ್ದು ನಮ್ಮವರಿಗೆ ನೆನಪಿರುತ್ತದೆ. ಮದ್ಯದ ಮೇಲಿನ ವ್ಯಾಟ್ ಶೇ. 5ರಿಂದ 10ಕ್ಕೆ, ಲೈಸೆನ್ಸ್ ಶುಲ್ಕ ಶೇ. 15ರಷ್ಟು, ಅಬಕಾರಿ ಸುಂಕ ಶೇ. 60ರಷ್ಟು ಏರಿದ್ದೇ ಕಾರಣ. ಹೊಟೇಲಿಗರ ಸಂಕಟ ಸುಳ್ಳಲ್ಲ; ಲೈಸೆನ್ಸ್ ಕಟ್ಟಿ ಕಾನೂನಿನಂತೆ ನಡೆಯುವವರಿಗೇ ಹೊರೆ ಬೀಳುತ್ತದೆ. ಬೆಲೆ ಏರಿಸುವುದು ಕುಡಿತ ತಗ್ಗಿಸಲು ಅತ್ಯಂತ ಪರಿಣಾಮಕಾರಿ ಕ್ರಮಗಳಲ್ಲೊಂದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಸುಳ್ಳಲ್ಲ. ಆದರೆ ಆ ಬಂದ್‌ನ ದಿನಗಳಲ್ಲಿ ಸರಕಾರವಾಗಲಿ, ನಾವಾಗಲಿ ಆ ಐದನೆಯ ಗಿರಾಕಿಯ ಬಗ್ಗೆ ಮಾತಾಡಿದ್ದು ಈ ಲೇಖಕನ ಕಿವಿಗೆ ಬೀಳಲಿಲ್ಲ. ಖಜಾನೆಗೆ ಅವನು ಆದಾಯ, ಹೊಟೇಲಿಗೂ ಆದಾಯ. ಅವನನ್ನು ಬೇರೆ ದೃಷ್ಟಿಯಿಂದ ನೋಡುತ್ತಿರುವವಳು ನಮ್ಮಲ್ಲೇ ಒಬ್ಬರ ಮಗಳು ಎಂಬುದು ನಮಗೆ ಮುಜುಗರ ತರಬೇಕಾಗಿಲ್ಲ.

ಸಂಶೋಧನೆಯಿಂದ ಚಿಕಿತ್ಸೆಗೆ ಏನು ಲಾಭ ಎಂದು ಕೇಳುವವರಿಗೆ ಉತ್ತರ ಅಷ್ಟು ಸರಳವಲ್ಲ. 2011ರಲ್ಲಿ ಪ್ರಕಟವಾದ ಒಂದು ಪ್ರಯೋಗ ಜರ್ಮನಿಯ ಚಿಕಿತ್ಸಾಲಯವೊಂದರಲ್ಲಿ 214 ಮದ್ಯವ್ಯಸನಿಗಳ ಮೇಲೆ ನಡೆದಿತ್ತು. ಪರದೆಯ ಮೇಲೆ ಮದ್ಯದ ಚಿತ್ರ ಬಂದಾಗಲೆಲ್ಲ ಜಾಯ್‌ಸ್ಟಿಕ್‌ನಿಂದ ಅದನ್ನು ದೂರ ತಳ್ಳುವ ಅಭ್ಯಾಸವನ್ನು ಕೆಲವರಿಗೆ ಮಾಡಿಸಿದರು. ಒಂದು ವರ್ಷದ ಬಳಿಕ, ಅಭ್ಯಾಸ ಮಾಡದವರಲ್ಲಿ ಶೇ. 59 ಮಂದಿ ಮತ್ತೆ ಕುಡಿತಕ್ಕೆ ಬಿದ್ದಿದ್ದರೆ ಮಾಡಿದವರಲ್ಲಿ ಶೇ. 46. ಸಂತೋಷದ ಸುದ್ದಿಯೇ. ಆದರೆ ಇಂಥ ಹಲವು ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದ 2016ರ ವಿಮರ್ಶೆಯೊಂದು ಚಟ ಬಿಡಿಸುವಲ್ಲಿ ಸ್ಪಷ್ಟ ಲಾಭ ಕಾಣುವುದಿಲ್ಲ ಎಂದಿತು. ಮೊಬೈಲಿನಲ್ಲಿ ಆಟವಾಡಿ ಕುಡಿತ ಬಿಡಿ ಎಂದು ಯಾರಾದರೂ ಆ್ಯಪ್ ಮಾರಲು ಬಂದರೆ ಕೈಮುಗಿದು ಕಳುಹಿಸುವುದು ಒಳ್ಳೆಯದು. ಸದ್ಯಕ್ಕೆ ನೆಚ್ಚಬಹುದಾದದ್ದು ವೈದ್ಯರು, ಔಷಧಿ, ಆಪ್ತ ಸಲಹೆ, ಜತೆಗೆ ಬಿಟ್ಟವರ ಸಂಗ. ಪುಣೆಯಲ್ಲಿ 1986ರಲ್ಲಿ ಅನಿಲ್ ಮತ್ತು ಸುನಂದಾ ಅವಚಟ್ ದಂಪತಿ ಶುರುಮಾಡಿದ ಮುಕ್ತಾಂಗಣವಿದೆ. ಬಾಂದ್ರಾದಲ್ಲಿ ಕೃಪಾ ಫೌಂಡೇಷನ್ ಇದೆ. ಊರಿನಲ್ಲಿ ಧರ್ಮಸ್ಥಳದ ಯೋಜನೆಯ ಮದ್ಯವರ್ಜನ ಶಿಬಿರಗಳಿವೆ. ಹಳೆಯ ಜಾಗ, ಹಳೆಯ ಗೆಳೆಯರಿಂದ ಕೆಲವು ಕಾಲ ದೂರ ಇಡುವ ಕೆಲಸವನ್ನು ಇವೆಲ್ಲ ಮಾಡುತ್ತವೆ. ಕಣ್ಣೆಳೆಯುವ ವಸ್ತುಗಳಿಂದ ಕಣ್ಣನ್ನು ದೂರ ಇಡುವುದು ಎಂಬ ಅರ್ಥದಲ್ಲಿ ನೋಡಿದರೆ, ಪ್ರಯೋಗಾಲಯ ಹೇಳುತ್ತಿರುವುದಕ್ಕೂ ಇದಕ್ಕೂ ದೂರವಿಲ್ಲ.

ಇನ್ನು ಮೊಬೈಲು. ಆಟದ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಪಟ್ಟಿಯಲ್ಲಿ ಸೇರಿಸಿತು. ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೂ ಮೊದಲೇ, 2014ರಲ್ಲಿ, ಇದಕ್ಕಾಗಿ ಪ್ರತ್ಯೇಕ ಚಿಕಿತ್ಸಾ ಘಟಕ ತೆರೆದಿತ್ತು. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ತಂದಿತು. ಒಂದು ಕಾಲಕ್ಕೆ ನಮ್ಮ ಹೊಟೇಲು ಹುಡುಗರು ಕೆಲಸ ಮುಗಿಸಿ ರಾತ್ರಿ ಶಾಲೆಗೆ ಓಡುತ್ತಿದ್ದರು. ಈಗ ಅದೇ ಹೊಟೇಲುಗಳಲ್ಲಿ ಒಡಿಶಾ, ಉತ್ತರ ಪ್ರದೇಶದಿಂದ ಬಂದ ಹುಡುಗರು ರಾತ್ರಿ ಒಂದೂವರೆಗೆ ಶಟರ್ ಎಳೆದ ಮೇಲೆ ಮೊಬೈಲಿನಲ್ಲಿ ರಮ್ಮಿ ಆಡಿ ಸಂಬಳ ಕಳೆದುಕೊಂಡದ್ದನ್ನು ಮಾಲೀಕರೇ ಹೇಳುತ್ತಾರೆ. ತನ್ನ ಮುಂದಿನ ಕೆಲಸ ಅವರ ಬಗ್ಗೆ ಎನ್ನುತ್ತಾಳೆ ಆಕೆ. ಆದರೆ ಅಪ್ಪನ ಹೊಟೇಲಿನ ಹುಡುಗರನ್ನು ಪರೀಕ್ಷೆಗೆ ಕೂರಿಸುವಂತಿಲ್ಲ. ಧಣಿಯ ಮಗಳು ಕೇಳಿದರೆ ಬೇಡ ಎನ್ನಲು ಯಾವ ಮಾಣಿಗೆ ಧೈರ್ಯ ಬಂದೀತು? ಒಪ್ಪಿಗೆ ಒತ್ತಾಯದ್ದಾಗಿರಬಾರದು ಎಂದು ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳುತ್ತದೆ.

ಈಗ ಹಿರಿಯರ ಪ್ರಶ್ನೆಗೆ ಬರೋಣ. ಮುಗಿಯಲಿಲ್ಲ, ನಿಜ. ಯುಜಿಸಿಯ ಜೆಆರ್‌ಎಫ್ ಫೆಲೋಶಿಪ್ 2023ರ ಜನವರಿಯಿಂದ ತಿಂಗಳಿಗೆ 31,000 ರೂ.ಗಳಿಂದ 37,000ಕ್ಕೆ ಏರಿತು. ಎರಡು ವರ್ಷದ ಬಳಿಕ ಸಿಗುವ ಎಸ್‌ಆರ್‌ಎಫ್ 42,000 ರೂ. ಒಟ್ಟು ಐದು ವರ್ಷಕ್ಕೆ ಮಾತ್ರ. ಪಿಎಚ್‌.ಡಿ.ಗೆ ಇರುವ ಗಡುವು ಆರು ವರ್ಷ. ನಡುವಿನ ಆ ಒಂದು ವರ್ಷ ಸಂಶೋಧಕರು ಏನು ತಿಂದು ಬದುಕಬೇಕೆಂಬುದನ್ನು ನಿಯಮ ಬರೆದವರು ಯೋಚಿಸಿದಂತಿಲ್ಲ. ಫೆಲೋಶಿಪ್ ಹಣ ತಿಂಗಳುಗಟ್ಟಲೆ ತಡವಾಗಿ ಬಂದದ್ದೂ ಇದೆ. ನಮ್ಮ ಸಂಸ್ಥೆಗಳ ವಿದ್ಯಾರ್ಥಿವೇತನದ ಅರ್ಜಿಯಲ್ಲಿ 'ಕಳೆದ ವರ್ಷದ ಅಂಕಪಟ್ಟಿ ಲಗತ್ತಿಸಿ' ಎಂದಿರುತ್ತದೆ. ಪಿಎಚ್‌.ಡಿ.ಗೆ ಅಂಕಪಟ್ಟಿ ಇರುವುದಿಲ್ಲ. ಮಾರ್ಗದರ್ಶಕರ ಒಂದು ಪ್ರಗತಿಪತ್ರ ಸಾಕು ಎಂದು ಅರ್ಜಿಯಲ್ಲಿ ಒಂದು ಸಾಲು ಸೇರಿಸಲು ಕಾರ್ಯಕಾರಿ ಸಮಿತಿಯ ಒಂದು ಸಭೆ ಸಾಕಲ್ಲವೇ?

ಆಕೆಯ ಫೆಲೋಶಿಪ್ 2026ರ ಡಿಸೆಂಬರಿಗೆ ಮುಗಿಯುತ್ತದೆ. ಹೊಸ ಚಿತ್ರಗಳೊಂದಿಗಿನ ಪರೀಕ್ಷೆ ಅರ್ಧದಷ್ಟಾಗಿದೆ. ಒಬ್ಬೊಬ್ಬರನ್ನೂ ವಾರದ ಅಂತರದಲ್ಲಿ ಎರಡೆರಡು ಬಾರಿ, ಬೆಳಿಗ್ಗೆ ಹೊತ್ತು, ಕುಡಿದಿಲ್ಲವೆಂದು ಖಚಿತಪಡಿಸಿಕೊಂಡು ಕೂರಿಸಬೇಕು. ಕೆಲವರು ಎರಡನೇ ಬಾರಿ ಬರುವುದೇ ಇಲ್ಲ. ಅಪ್ಪ ಈಗ ಆ ಫೋಟೋಗಳ ಬಗ್ಗೆ ಮಾತಾಡುವುದಿಲ್ಲ. ಮೊನ್ನೆ ಮಾತ್ರ ರಾತ್ರಿ ಊಟದ ಹೊತ್ತಿಗೆ, ನಾಲ್ಕನೇ ಟೇಬಲಿನ ಹಳೆಯ ಗಿರಾಕಿಯೊಬ್ಬರ ಹೆಸರು ಹೇಳಿ, "ಅಂಥವರನ್ನು ಎಲ್ಲಿಗೆ ಕಳಿಸಬೇಕು ಮಗಾ?" ಎಂದು ಕೇಳಿದರಂತೆ.