ಮಾಪಿಂಗ್ವಾರಿ: ಕಂಡವರ ಮಾತು, ಸಿಗದ ಮೂಳೆ

ಆಳನ್ನು ಮೀರಿದ ಎತ್ತರ, ಕೆಂಪು ಕೂದಲು, ಬಾಣ ನಾಟದ ತೊಗಲು, ತಲೆ ಸುತ್ತಿಸುವ ನಾತ. ಕೆಲವರು ಒಂಟಿಕಣ್ಣು, ಹಿಂದುಮುಂದಾದ ಪಾದ, ಹೊಟ್ಟೆಯಲ್ಲಿ ಬಾಯಿ ಎಂದೂ ಸೇರಿಸುತ್ತಾರೆ. ಬ್ರೆಜಿಲ್‌ನ ಅಮೆಜಾನ್ ಕಾಡಿನವರು ಹೇಳುವ ಮಾಪಿಂಗ್ವಾರಿಯ ಚಹರೆ ಇದು. ರೊಂಡೋನಿಯಾ ರಾಜ್ಯದ ಕರಿತಿಯಾನಾ ಸಮುದಾಯದ ಪಾಲಿಗೆ ಇದು ಬರೀ ಕಥೆಯಲ್ಲ, ಕಾಡಿನಲ್ಲಿ ಎದುರಾಗಬಹುದಾದ ಜೀವಿ. ವಿಜ್ಞಾನದ ಪಾಲಿಗೆ, ಈವರೆಗೆ, ಪುರಾವೆಯಿಲ್ಲದ ಹೇಳಿಕೆ.

ಕಾಡಿನವರ ಪರವಾದ ವಾದವನ್ನು ಹಗುರವಾಗಿ ಕಾಣುವಂತಿಲ್ಲ. ಹೆಜ್ಜೆಗುರುತು ಓದಿ ಬೇಟೆಯಾಡುವವರು ಇರುವೆಬಾಕವನ್ನು ಕಂಡು ದೈತ್ಯನೆಂದು ಬೆಚ್ಚುವುದು ಅಪರೂಪವೇ ಇರಬೇಕು. 1992ರಲ್ಲಿ ವಿಯೆಟ್ನಾಮಿನ ವು ಕ್ವಾಂಗ್ ಕಾಡಿನ ಬೇಟೆಗಾರರ ಮನೆಗಳಲ್ಲಿದ್ದ ನೀಳ ಕೊಂಬುಗಳಿಂದಲೇ ವಿಜ್ಞಾನಿಗಳಿಗೆ ಸಾವೊಲಾ ಎಂಬ ಪ್ರಾಣಿಯ ಸುಳಿವು ಸಿಕ್ಕಿತು. ಊರವರಿಗೆ ಅದು ಹಳೆಯ ಪರಿಚಯ. ಬೆಲೆಮ್ ನಗರದ ಗೋಯೆಲ್ಡಿ ಮ್ಯೂಸಿಯಂನ ಪಕ್ಷಿತಜ್ಞ ಡೇವಿಡ್ ಓರೆನ್ 1993ರಲ್ಲಿ ಇನ್ನೂ ಮುಂದೆ ಹೋಗಿ, ಮಾಪಿಂಗ್ವಾರಿಯು ಅಳಿದುಹೋಯಿತೆನ್ನಲಾದ ನೆಲವಾಸಿ ದೈತ್ಯ ಸ್ಲಾತ್ ಎಂಬ ಪ್ರಾಣಿ ಇರಬಹುದೇ ಎಂದು ಕೇಳಿದರು. ಆ ಕುಲದ ಕೆಲವಕ್ಕೆ ಉದ್ದನೆಯ ಉಗುರುಗಳಿದ್ದವು, ಬಾಣ ನಾಟದ ತೊಗಲಿನ ಮಾತಿಗೆ ಹೊಂದುವಂತೆ, ತೊಗಲಿನೊಳಗೆ ಮೂಳೆಯ ಹರಳುಗಳಿದ್ದವು.

ಆದರೆ ಸಾವೊಲಾದ ನಿದರ್ಶನವೇ ಎದುರುವಾದಕ್ಕೂ ಒದಗುತ್ತದೆ: ಅಲ್ಲಿ ಕೈಗೆ ಕೊಂಬು ಸಿಕ್ಕಿತ್ತು. ಓರೆನ್ ಹಲವು ಸಲ ಕಾಡು ಹೊಕ್ಕರೂ ನಿರ್ಣಾಯಕವಾದದ್ದೇನೂ ಸಿಗಲಿಲ್ಲ. ತೋರಿಕೆ ಮೋಸ ಮಾಡಿದ ಪೂರ್ವನಿದರ್ಶನವೂ ಇದೆ. 1895ರಲ್ಲಿ ಚಿಲಿಯ ಗುಹೆಯೊಂದರಲ್ಲಿ ಸಿಕ್ಕ ಮೈಲೋಡಾನ್ ಸ್ಲಾತ್‌ನ ತೊಗಲು, ಕೂದಲಿನ ಸಮೇತ, ಎಷ್ಟು ಹಸನಾಗಿತ್ತೆಂದರೆ, ಜೀವಂತ ಪ್ರಾಣಿಯನ್ನು ಹುಡುಕಲು ಲಂಡನ್ನಿನ ಪತ್ರಿಕೆಯೊಂದು ಪಟಗೋನಿಯಾಕ್ಕೆ ತಂಡವನ್ನೇ ಕಳಿಸಿತು. ಪ್ರಾಣಿ ಸಿಗಲಿಲ್ಲ, ಆ ತೊಗಲಿಗೆ 10,000 ವರ್ಷಕ್ಕೂ ಹೆಚ್ಚು ವಯಸ್ಸೆಂದು ಮುಂದೆ ತಿಳಿಯಿತು.

ಓರೆನ್ ಅವರ ಊಹೆಗೆ ಇನ್ನೊಂದು ಆಕ್ಷೇಪವನ್ನೂ ಎತ್ತಬಹುದು. ಬಾಣ ನಾಟದ ತೊಗಲನ್ನು ಇಟ್ಟುಕೊಂಡು ಒಂಟಿಕಣ್ಣನ್ನು ಕೈಬಿಟ್ಟರೆ, ಅದು ನಂಬಿಕೆಗೆ ತೋರಿದ ಗೌರವವೋ, ಬೇಕಾದ್ದನ್ನಷ್ಟೇ ಹೆಕ್ಕಿಕೊಂಡದ್ದೋ? ಮಾಪಿಂಗ್ವಾರಿ ಇದೆಯೆಂದು ಕಾಡಿನ ಕೆಲವು ಮೂಲೆಗಳಿಗೆ ಹೋಗಬಾರದೆಂಬ ಅಂಜಿಕೆಗೆ ತನ್ನದೇ ಅರ್ಥವಿದ್ದೀತು. ಅದನ್ನು ಪ್ರಾಣಿಶಾಸ್ತ್ರದ ತಕ್ಕಡಿಯಲ್ಲಿ ತೂಗಲಾಗದು.

ಹಾಗೆಂದು, 'ಅದು ಅವರ ಸತ್ಯ' ಎಂದು ಕೈತೊಳೆದುಕೊಳ್ಳುವುದೂ ಸೌಜನ್ಯದ ವೇಷದ ಅಸಡ್ಡೆಯಾದೀತು. ಕಂಡೆನೆನ್ನುವವನು ರೂಪಕ ಹೇಳುತ್ತಿಲ್ಲ, ಲೋಕದ ಸಂಗತಿಯೊಂದನ್ನು ಹೇಳುತ್ತಿದ್ದಾನೆ. ಆ ಮಾತನ್ನು ಪರೀಕ್ಷೆಗೆ ಒಡ್ಡುವುದು ಅದಕ್ಕೆ ಬೆಲೆ ಕೊಡುವ ಒಂದು ಬಗೆ.

ಎರಡನ್ನೂ ತೂಗಿದಾಗ ನಡುದಾರಿಯೊಂದು ಸಾಧ್ಯವೆನಿಸುತ್ತದೆ. ಮೂಳೆಯೋ ಕೂದಲೋ ಸಿಗುವವರೆಗೆ, ಪ್ರಾಣಿ ಇದೆಯೆಂದು ವಿಜ್ಞಾನ ಬರೆದುಕೊಳ್ಳಬೇಕಿಲ್ಲ. ಆದರೆ ಕಂಡವರ ಮಾತನ್ನು, ಅವರ ಒಪ್ಪಿಗೆ ಪಡೆದು, ತಿದ್ದದೆ, ಒಂಟಿಕಣ್ಣಿನ ಸಮೇತ, ಬರೆದಿಡಬೇಕು. ಇವು ಬೇರೆ ಬೇರೆ ಕಡತಗಳು. ಒಂದನ್ನು ತೆರೆಯಲು ಇನ್ನೊಂದನ್ನು ಮುಚ್ಚಬೇಕಾಗಿಲ್ಲ.