ಮೆಕ್ಸಿಕೋ ಸಂತೆ ನೋಡಿ ಬಂದ ಮೇಲೆ ನಮ್ಮ ಸಂತೆ ಬಗ್ಗೆ ನಾಲ್ಕು ಮಾತು

ಯುಗಾದಿ ಕಳೀತು, ಮುಂಗಾರಿಗೆ ಇನ್ನೂ ಟೈಮಿದೆ. ಬಹಳ ದಿನದಿಂದ ಬರೀಬೇಕು ಅಂದ್ಕೊಂಡಿದ್ದನ್ನ ಇವತ್ತು ಹುಣಸೆಮರದ ಕೆಳಗೆ ಕೂತು ಬರೀತಿದ್ದೀನಿ. ಸ್ವಲ್ಪ ಉದ್ದ ಆಗ್ತದೆ, ಪುರುಸೊತ್ತು ಮಾಡ್ಕೊಂಡು ಓದಿ.

ನಿಮಗೆಲ್ಲ ಗೊತ್ತಿರೋ ಹಾಗೆ ಮಗಳ ಬಾಣಂತನಕ್ಕೆ ಅಂತ ನಾನೂ ನಮ್ಮನೆಯವರೂ ಹೋದ ವರ್ಷ ಮೆಕ್ಸಿಕೋ ದೇಶಕ್ಕೆ ಹೋಗಿದ್ವಿ. ಅಳಿಯಂದು ಗ್ವಾದಲಹಾರ ಅನ್ನೋ ಊರಲ್ಲಿ ಸಾಫ್ಟ್‌ವೇರ್ ಕೆಲಸ. ನಮ್ಮನೆಯವರಿಗೆ ಮಗು ಎಣ್ಣೆ ನೀರು ಅಂತ ಕೈತುಂಬ ಕೆಲಸ. ನನಗೆ ನಾಲ್ಕು ಗೋಡೆ ಮಧ್ಯೆ ಹೊತ್ತೇ ಹೋಗ್ತಿರಲಿಲ್ಲ. ಅದನ್ನ ನೋಡಿ ಅಳಿಯ, "ಮಾವ, ನಿಮಗೆ ಸಮುದ್ರ, ಮ್ಯೂಸಿಯಂ ಎಲ್ಲ ಬೇಡ, ಒಂದು ಸಂತೆ ತೋರಿಸ್ತೀನಿ ಬನ್ನಿ" ಅಂತ ಮೂರು ದಿನ ರಜೆ ಹಾಕಿ ದಕ್ಷಿಣದ ವಹಾಕಾ ರಾಜ್ಯಕ್ಕೆ ಕರ್ಕೊಂಡು ಹೋದ. ವಹಾಕಾ ಪಟ್ಟಣದಿಂದ ಪೂರ್ವಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿ ಟ್ಲಾಕೊಲುಲಾ ಅಂತ ಊರು. ಅಲ್ಲಿ ಪ್ರತಿ ಭಾನುವಾರ ಸಂತೆ. ಸುತ್ತಮುತ್ತ ಇರೋರು ಹೆಚ್ಚಾಗಿ ಜಪೊಟೆಕ್ ಜನ, ಸ್ಪೇನಿನವರು ಬರೋಕೆ ಎಷ್ಟೋ ಕಾಲ ಮುಂಚಿನಿಂದ ಅಲ್ಲೇ ಬೇಸಾಯ ಮಾಡ್ಕೊಂಡು ಬಂದೋರು.

ಬಸ್ಸಿಳಿದಾಗ ಒಂದು ನಿಮಿಷ ನಾನೆಲ್ಲಿದ್ದೀನಿ ಅಂತಲೇ ತಿಳೀಲಿಲ್ಲ. ನಮ್ಮ ಆಟೋ ಥರದ್ದೇ ಮೂರು ಗಾಲಿ ಗಾಡಿಗಳು, ರಸ್ತೆ ಉದ್ದಕ್ಕೂ ನೀಲಿ ಕೆಂಪು ಟಾರ್ಪಾಲು, ಕಾಲು ಕಟ್ಟಿದ ಟರ್ಕಿ ಕೋಳಿನ ಕಂಕುಳಲ್ಲಿ ಇಟ್ಕೊಂಡು ನಿಂತ ಹೆಂಗಸರು. ನವೆಂಬರ್ 1 ಮತ್ತು 2 ಅವರಿಗೆ ಸತ್ತವರ ಹಬ್ಬ. ನಮ್ಮ ಪಿತೃಪಕ್ಷದ ಹಾಗೆ ಹಿರಿಯರಿಗೆ ಇಷ್ಟವಾದ ಅಡುಗೆ ಮಾಡಿ ಮನೇಲಿ ಎಡೆ ಇಡ್ತಾರೆ. ನಾವು ಹೋದದ್ದು ಅದರ ಹಿಂದಿನ ಭಾನುವಾರ, ಹಾಗಾಗಿ ಬೀದಿ ತುಂಬ ಚೆಂಡು ಹೂವು, ಕೋಳಿಜುಟ್ಟಿನ ಹೂವು. ಆಯುಧಪೂಜೆ ಹಿಂದಿನ ದಿನದ ನಮ್ಮ ಹೂವಿನ ಮಾರ್ಕೆಟ್ಟೇ ಅನ್ನಿ. ಚೆಂಡು ಹೂವಿನ ತವರು ಮೆಕ್ಸಿಕೋ ಅಂತ ಅಳಿಯ ಹೇಳಿದ. ಚೆಂಡು ಹೂ ಅಷ್ಟೇ ಅಲ್ಲ, ಮೆಣಸಿನಕಾಯಿ, ಮುಸುಕಿನ ಜೋಳ, ಸುಗಂಧರಾಜ, ಸಪೋಟ, ನಾವು ಬೇಲಿಗೆ ಹಾಕೋ ಕತ್ತಾಳೆ ಎಲ್ಲ ಆ ಕಡೆಯಿಂದ ಬಂದವು. ನಮ್ಮೂರ ಸಂತೇಲಿ ಅರ್ಧ ಮಾಲು ಅವರದ್ದೇ ಅಂದಂಗಾಯ್ತು!

ಎರಡು ಕಡೆ ನನಗೆ ನಗು ತಡೆಯೋಕಾಗಲಿಲ್ಲ. ನಾವು ಜೆಸಿಬಿ ತರಿಸಿ ಕೀಳಿಸೋ ಪಾಪಾಸುಕಳ್ಳಿ, ಅದರ ಎಳೆ ಪಟ್ಟೆಯ ಮುಳ್ಳನ್ನ ಒಬ್ಬಾಕೆ ಚಾಕುವಿನಲ್ಲಿ ಸರಸರ ಸವರಿ ಪಲ್ಯಕ್ಕೆ ಅಂತ ಜೋಡಿಸಿ ಇಟ್ಟಿದ್ಲು. ಇನ್ನೊಬ್ಬಾಕೆ ಮುಂದೆ ಬುಟ್ಟಿ ತುಂಬ ಹುರಿದ ಮಿಡತೆ, ಉಪ್ಪು ಖಾರ ಬೆಳ್ಳುಳ್ಳಿ ನಿಂಬೆಹುಳಿ ಹಾಕಿದ್ದು. ಕುದುರೆ ಮೆಂತೆ ಹೊಲದಲ್ಲಿ ಬಲೆ ಹಾಕಿ ಹಿಡೀತಾರಂತೆ. ನಾವು ಔಷಧಿ ಹೊಡೆದು ಸಾಯಿಸೋದನ್ನ ಅವರು ಅಳೆದು ಮಾರ್ತಾರೆ. ನಾನು ತಿನ್ನಲಿಲ್ಲ, ಅಳಿಯ ತಿಂದ.

ಇದೆಲ್ಲ ತಮಾಷೆ. ನಾನು ಹೇಳೋಕೆ ಹೊರಟಿದ್ದು ಬೇರೆ.

ಆ ಸಂತೇಲಿ ಒಂದು ಮೂಲೆಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ನೆಲದ ಮೇಲೆ ಚಾಪೆ ಹಾಸ್ಕೊಂಡು ಕೂತಿತ್ತು. ಮುಂದೆ ಏನೇನಿತ್ತು ಅಂತ ನಾನು ಲೆಕ್ಕ ಹಾಕಿದೆ. ಹಸಿ ಮೆಣಸಿನಕಾಯಿ ಐದು ಗುಡ್ಡೆ. ಎರಡು ಥರದ ಹುರುಳಿಕಾಯಿ ಬೀಜ, ಕಪ್ಪು ಮತ್ತು ಕೆಂಪು. ಸೀಮೆಗುಂಬಳ ಮೂರು. ಕುಂಬಳದ ಹೂವು ಒಂದು ಕಟ್ಟು. ನಮ್ಮ ಗೋಣಿ ಸೊಪ್ಪೇ ಒಂದು ರಾಶಿ, ಜೊತೆಗೆ ಬೇರೆ ಬೆರಕೆ ಸೊಪ್ಪು. ಸ್ವಲ್ಪ ಸೀಬೆಹಣ್ಣು. ಎಂಟು ಮೊಟ್ಟೆ. ಒಂದು ಹಿಡಿ ಚೆಂಡು ಹೂವು. ಅಷ್ಟೇ. ತಕ್ಕಡಿ ಇಲ್ಲ. ಗುಡ್ಡೆಗೆ ಇಷ್ಟು ಅಂತ ರೇಟು. ಜೋಳ, ಕಾಳು ಅಳೆಯೋರು ಅಲ್ಮುದ್ ಅನ್ನೋ ಮರದ ಡಬ್ಬೀಲಿ ಅಳೀತಿದ್ರು, ನಮ್ಮ ಸೇರು ಇದ್ದ ಹಾಗೆ. ನಾವು ಒಂದು ಗುಡ್ಡೆ ಮೆಣಸಿನಕಾಯಿ ತಗೊಂಡ್ವಿ, 20 ಪೆಸೊ, ನಮ್ಮ ದುಡ್ಡಲ್ಲಿ ನೂರು ರೂಪಾಯಿ ಹತ್ತಿರ. ಅಜ್ಜಿ ಆ ನೋಟಲ್ಲಿ ಶಿಲುಬೆ ಗುರುತು ಮಾಡ್ಕೊಂಡು ಸೆರಗಿನ ಥರದ ಬಟ್ಟೇಲಿ ಕಟ್ಟಿಕೊಂಡಿತು. ಬೋಣಿ! ಆಮೇಲೆ ಕೇಳದೇನೇ ಮೂರು ಕಾಯಿ ಮೇಲೆ ಹಾಕ್ತು. ಅದಕ್ಕೆ ಅಲ್ಲಿ ಪಿಲೋನ್ ಅಂತಾರಂತೆ. ನಾವು ಅದಕ್ಕೆ ಏನಂತೀವಿ? ಕೊಸರು. ನನಗೆ ಗಂಟಲು ಕಟ್ಟಿತು, ಯಾಕಂದ್ರೆ ನಮ್ಮವ್ವ ಹೀಗೇ ಕೂರ್ತಿದ್ಲು.

ಇದನ್ನ ಯಾರಿಗೂ ಹೇಳಿಲ್ಲ, ಇವತ್ತು ಹೇಳ್ತೀನಿ. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಅವ್ವ ವಾರ ವಾರ ಸಂತೇಲಿ ಸೊಪ್ಪು, ಅವರೆಕಾಯಿ, ಬದನೆಕಾಯಿ ಇಟ್ಕೊಂಡು ಕೂರ್ತಿದ್ಲು. ಒಂದು ಸಲ ನಾನು ಸ್ಕೂಲಿನ ಹುಡುಗರ ಜೊತೆ ಆ ಕಡೆ ಬಂದೆ. ಅವ್ವ ಕೈ ಎತ್ತಿ ಕರೆದ್ಲು. ನಾನು ಕೇಳಿಸದವನ ಹಾಗೆ ಬಟ್ಟೆ ಅಂಗಡಿ ಸಂದಿಗೆ ನುಗ್ಗಿಬಿಟ್ಟೆ. ರಾತ್ರಿ ಅವ್ವ ಏನೂ ಕೇಳಲಿಲ್ಲ, ಊಟಕ್ಕೆ ಇಟ್ಟು ಹಾಕಿದ್ಲು. ಆಕೆ ಹೋಗಿ ಹದಿನೆಂಟು ವರ್ಷ ಆಯ್ತು. ಅವಳು ಕೂರೋದು ನಿಲ್ಲಿಸಿದ ಮೇಲೆ ನಮ್ಮ ಮನೆಯಿಂದ ಯಾರೂ ಸಂತೇಲಿ ಕೂರಲಿಲ್ಲ. ನಾನಂತೂ ಮಂಡಿಗೆ ಲೋಡ್ ಕಳಿಸೋ ದೊಡ್ಡ ರೈತ ಆಗಿಬಿಟ್ಟೆ, ಎರಡೂವರೆ ಎಕರೆಗೆ!

ಮಂಡಿ ಕಥೆ ನಿಮಗೇನು ಹೊಸದಲ್ಲ. ಮೂರು ವರ್ಷದ ಹಿಂದೆ ಟೊಮ್ಯಾಟೊ ರೇಟು ಬಿದ್ದಾಗ ನಾನು 40 ಬಾಕ್ಸ್ ಹಾಕಿದೆ. ಬಾಕ್ಸಿಗೆ 60 ರೂಪಾಯಿ, 2,400 ಆಯ್ತು. ಗಾಡಿ ಬಾಡಿಗೆ 1,000, ಕಮಿಷನ್ 240, ಹಮಾಲಿ 200, ಕಿತ್ತ ನಾಲ್ಕು ಆಳಿನ ಕೂಲಿ 1,400. ಒಟ್ಟು 2,840. ಅಂದ್ರೆ ಹಣ್ಣೂ ಕೊಟ್ಟು ಮೇಲೆ 440 ರೂಪಾಯಿ ನಾನೇ ಕೊಟ್ಟು ಬಂದೆ. ಗೊಬ್ಬರ, ಔಷಧಿ, ಕಡ್ಡಿ, ದಾರದ ಲೆಕ್ಕ ಇದರಲ್ಲಿ ಸೇರಿಲ್ಲ. ಅದೇ ವಾರ ನಮ್ಮೂರ ಸಂತೇಲಿ ಕೆ.ಜಿ. 15 ರೂಪಾಯಿಗೆ ಮಾರ್ತಿದ್ರು. ಬಾಕ್ಸಿಗೆ 15 ಕೆ.ಜಿ. ಅಂದ್ರೆ 225 ರೂಪಾಯಿ. ಮಾರ್ತಿದ್ದೋರು ರೈತರಲ್ಲ, ಮಂಡಿಯಿಂದ ತಂದೋರು. ಅದರಲ್ಲಿ ನನ್ನ ಹಣ್ಣೂ ಇತ್ತೋ ಏನೋ.

ಹಾಗಾದ್ರೆ ನಾನೂ ಸಂತೇಲಿ ಕೂರಬಹುದಿತ್ತಲ್ಲ ಅಂತೀರಾ? ಇಲ್ಲ. 600 ಕೆ.ಜಿ. ಟೊಮ್ಯಾಟೊ ಇಟ್ಕೊಂಡು ಒಂದು ಸಂತೇಲಿ ಕೂತು ಮಾರೋಕೆ ಆಗಲ್ಲ. ಟ್ಲಾಕೊಲುಲಾ ಅಜ್ಜಿ ಮುಂದೆ ನಿಂತಾಗ ನನ್ನ ತಲೆಗೆ ಹೊಳೆದದ್ದು ಇದೇ. ಆ ಅಜ್ಜಿ ಸಂತೇಲಿ ಕೂರೋಕೆ ಆಗೋದು ಆಕೆ ಹೊಲದಲ್ಲಿ ಹತ್ತು ಥರ ಇರೋದಕ್ಕೆ. ಅಲ್ಲಿ ಮಿಲ್ಪಾ ಅಂತ ಬೇಸಾಯ ಪದ್ಧತಿ. ಜೋಳದ ದಂಟಿಗೆ ಹುರುಳಿಕಾಯಿ ಬಳ್ಳಿ ಹಬ್ಬಿಸ್ತಾರೆ, ಕೆಳಗೆ ಕುಂಬಳ ನೆಲ ಮುಚ್ಚುತ್ತೆ, ಸಂದೀಲಿ ಮೆಣಸಿನ ಗಿಡ, ತಾನೇ ಹುಟ್ಟೋ ಸೊಪ್ಪು. ನಮ್ಮ ಅಕ್ಕಡಿ ಸಾಲು ಕಣ್ರಪ್ಪ! ರಾಗಿ ಮಧ್ಯೆ ಅವರೆ, ತೊಗರಿ, ಹುಚ್ಚೆಳ್ಳು, ಜೋಳ ಹಾಕ್ತಿದ್ದ ನಮ್ಮಪ್ಪಂದಿರ ಅಕ್ಕಡಿ. ಸ್ವಲ್ಪ ಸ್ವಲ್ಪ ಹತ್ತು ಥರ ಬೆಳೆಯೋನಿಗೆ ಸಂತೆ. ಒಂದೇ ಥರ ರಾಶಿ ಬೆಳೆಯೋನಿಗೆ ಮಂಡಿ ಬಿಟ್ಟು ದಾರಿಯಿಲ್ಲ. ನಮ್ಮ ಸಂತೆಗಳಲ್ಲಿ ರೈತರು ಕಾಣೆಯಾದದ್ದು ಮಾಲ್ ಬಂದದ್ದಕ್ಕೆ, ಆನ್‌ಲೈನ್ ಬಂದದ್ದಕ್ಕೆ ಅಂತ ನಾವು ಬೈಕೊಂಡು ಓಡಾಡ್ತೀವಿ. ನಾನು ಹೇಳ್ತೀನಿ, ಸಂತೆ ಮೊದಲು ಕೆಟ್ಟದ್ದು ನಮ್ಮ ಹೊಲದಲ್ಲಿ, ಅಕ್ಕಡಿ ಕಿತ್ತು ಹಾಕಿದ ದಿನ.

ಅಲ್ಲಿನ ಸಂತೆಗಳು ಎಷ್ಟು ಹಳೇವು ಅಂತೀರಿ? ಸ್ಪೇನಿನ ಕೊರ್ಟೆಸ್ ಅನ್ನೋನು 1520ರಲ್ಲಿ ತನ್ನ ರಾಜನಿಗೆ ಬರೆದ ಕಾಗದದಲ್ಲಿ, ಈಗಿನ ಮೆಕ್ಸಿಕೋ ಸಿಟಿ ಇರೋ ಜಾಗದ ದೊಡ್ಡ ಸಂತೇಲಿ ದಿನಕ್ಕೆ 60,000 ಜನ ಕೊಳ್ಳೋರು ಮಾರೋರು ಸೇರ್ತಾರೆ ಅಂತ ಬರೆದಿದ್ದಾನೆ. ತೂಕ ಇಲ್ಲ, ಎಣಿಕೆ ಮತ್ತು ಅಳತೆ ಮೇಲೆ ವ್ಯಾಪಾರ ಅಂತ ಕೂಡ ಬರೆದಿದ್ದಾನೆ. ಸಂತೆ ಮಧ್ಯೆನೇ ಹತ್ತು ಹನ್ನೆರಡು ಜನ ನ್ಯಾಯ ಹೇಳೋಕೆ ಕೂತಿರ್ತಿದ್ರಂತೆ. ಅಳತೆ ಪರೀಕ್ಷೆ ಮಾಡೋರು ಓಡಾಡ್ತಾ, ಸುಳ್ಳು ಅಳತೆ ಸಿಕ್ಕಿದ್ರೆ ಅಲ್ಲೇ ಒಡೆದು ಹಾಕ್ತಿದ್ರಂತೆ. ಅಳಿಯ ಫೋನಲ್ಲಿ ಇದನ್ನ ಓದಿ ಹೇಳಿದಾಗ, 500 ವರ್ಷದ ಹಿಂದೆ ಇದ್ದ ಅಂಥ ವ್ಯವಸ್ಥೆ ನಮ್ಮ ಎಷ್ಟು ಮಾರ್ಕೆಟ್ಟಲ್ಲಿ ಇವತ್ತು ಇದೆ ಅಂತ ಯೋಚನೆ ಬಂತು.

ವಹಾಕಾ ಬಯಲಲ್ಲಿ ಈಗಲೂ ವಾರಕ್ಕೊಂದು ಊರಿನ ಸರದಿ ಇದೆ. ಬುಧವಾರ ಎಟ್ಲಾ, ಗುರುವಾರ ಸಾಚಿಲಾ, ಶುಕ್ರವಾರ ಒಕೊತ್ಲಾನ್, ಭಾನುವಾರ ಟ್ಲಾಕೊಲುಲಾ. ನಮ್ಮ ಕಡೆ ಸೋಮವಾರದ ಸಂತೆ, ಮಂಗಳವಾರದ ಸಂತೆ ಇರೋ ಹಾಗೇ.

ಅಲ್ಲಿ ಎಲ್ಲ ಸ್ವರ್ಗ ಅಂತ ನಾನು ಹೇಳೋಕೆ ಹೋಗಲ್ಲ. ಅರ್ಧ ಸಂತೆ ಪ್ಲಾಸ್ಟಿಕ್ ಸಾಮಾನು, ಹಳೇ ಬಟ್ಟೆ, ಮೊಬೈಲ್ ಕವರ್. ಬೇರೆ ಕಡೆಯಿಂದ ತಂದು ಮಾರೋರು ಅಲ್ಲೂ ಇದ್ದಾರೆ. 1994ರಲ್ಲಿ ಅಮೆರಿಕ ಜೊತೆ ಮುಕ್ತ ವ್ಯಾಪಾರ ಒಪ್ಪಂದ ಆದ ಮೇಲೆ ಅಮೆರಿಕದ ಅಗ್ಗದ ಜೋಳ ಬಂದು ಸಣ್ಣ ರೈತರಿಗೆ ದೊಡ್ಡ ಪೆಟ್ಟು ಬಿತ್ತು. ವಹಾಕಾದ ಎಷ್ಟೋ ಮಕ್ಕಳು ಲಾಸ್ ಏಂಜಲೀಸ್ ಸೇರಿದ್ದಾರೆ. ಆ ಅಜ್ಜಿಗೂ ಅಳಿಯ ಕೇಳಿದ, "ಮಕ್ಕಳು ಎಲ್ಲಿ?" ಅಂತ. ಬಡಗಣ ದಿಕ್ಕಿಗೆ ಕೈ ತೋರಿಸ್ತು. ನನ್ನ ಮಗಳು ಎಲ್ಲಿದ್ದಾಳೆ ಅಂತ ಆ ಅಜ್ಜಿ ಕೇಳಿದ್ರೆ ನಾನೂ ಹಾಗೇ ಕೈ ತೋರಿಸಬೇಕು ತಾನೇ.

ಸರಿ, ನೋಡಿ ಬಂದು ನಾನು ಏನು ಮಾಡಿದೆ ಅಂತ ಹೇಳದಿದ್ರೆ ಇದು ಬರೀ ಪ್ರವಾಸದ ಜಂಬ ಆಗ್ತದೆ. ಡಿಸೆಂಬರಲ್ಲಿ ವಾಪಸ್ ಬಂದೆ. ಡ್ರಿಪ್ ಇರೋ ಜಾಗದಲ್ಲಿ 10 ಗುಂಟೆ ಬಿಡಿಸಿಕೊಂಡು ದಂಟು, ಮೆಂತ್ಯ, ಕೊತ್ತಂಬರಿ, ಬದನೆ, ಮೆಣಸಿನಕಾಯಿ, ಅಲಸಂದೆ, ಮೂಲಂಗಿ ಸಾಲು ಸಾಲಾಗಿ ಹಾಕಿದೆ, ಬದುವಲ್ಲಿ ಚೆಂಡು ಹೂ. ಫೆಬ್ರವರಿಯಿಂದ ಪ್ರತಿ ಶನಿವಾರ ನಾವಿಬ್ರೂ ಸಂತೇಲಿ ಕೂರ್ತಿದ್ದೀವಿ. ಮೊದಲ ದಿನ 1,140 ರೂಪಾಯಿ ಆಯ್ತು. ಸುಂಕದೋನಿಗೆ 30 ಕೊಟ್ಟೆ, ಉಳಿದ ಸೊಪ್ಪು ಹಸು ತಿಂತು. ಒಂದು ಶನಿವಾರ 1,600 ಆಯ್ತು, ಇನ್ನೊಂದು ಶನಿವಾರ ಬಿಸಿಲಿಗೆ ಸೊಪ್ಪು ಬಾಡಿ 500 ಕೂಡ ಆಗಲಿಲ್ಲ. ದೊಡ್ಡ ದುಡ್ಡಲ್ಲ. ಆದ್ರೆ ವಾರ ವಾರ ಕೈಗೆ ಬರ್ತದೆ, ರೇಟು ನಾನು ಹೇಳ್ತೀನಿ, ಚೀಟಿ ಹಿಡ್ಕೊಂಡು ದುಡ್ಡಿಗೆ ಅಲೆಯೋ ಹಾಗಿಲ್ಲ.

ನಾಚಿಕೆ ಆಗಲಿಲ್ವಾ? ಆಯ್ತು. ಮೊದಲ ದಿನ ನಮ್ಮೂರೋರೇ ಒಬ್ಬರು ನನ್ನ ನೋಡಿ ನೋಡದ ಹಾಗೆ ಹೋದ್ರು. ನಾನೂ ತಲೆ ಬಗ್ಗಿಸಿ ಕೊತ್ತಂಬರಿ ಕಟ್ಟು ಸರಿಮಾಡ್ತಾ ಕೂತೆ. ಆಗ ಅವ್ವನಿಗೆ ಹೇಗೆ ಆಗಿರಬೇಕು ಅಂತ ಗೊತ್ತಾಯ್ತು.

ಎಲ್ಲ ಜಮೀನಲ್ಲೂ ಟೊಮ್ಯಾಟೊ ಬಿಟ್ಟು ಸೊಪ್ಪು ಹಾಕಿ ಅಂತ ನಾನು ಹೇಳ್ತಿಲ್ಲ. ಸಾಲ ಇರೋನಿಗೆ ದೊಡ್ಡ ಬೆಳೆ ಬೇಕೇ ಬೇಕು, ನಾನೂ ಒಂದು ಎಕರೆ ಈ ಸಲವೂ ಹಾಕಿದ್ದೀನಿ. ನನ್ನ ಮಾತು ಇಷ್ಟೇ. ಎಷ್ಟೇ ಜಮೀನಿರಲಿ, 10 ಗುಂಟೆ ಸಂತೆಗೆ ಅಂತ ಬಿಡಿ. ರೇಟು ಬಿದ್ದ ವರ್ಷ ಮನೆ ನಡೆಸೋದು ಆ 10 ಗುಂಟೆನೇ.

ಇನ್ನೊಂದು ಮಾತು ಪಂಚಾಯ್ತಿಗೆ. ಸಂತೆ ಸುಂಕ ವರ್ಷ ವರ್ಷ ಹರಾಜು ಹಾಕಿ ದುಡ್ಡು ತಗೋತೀರಿ. ಬಿಸಿಲಿಗೆ ಒಂದು ಶೀಟು ಹಾಕಿಸಿ, ಕುಡಿಯೋ ನೀರು ಕೊಡಿ. ಬೆಳಗಿನಿಂದ ಸಂಜೆ ತನಕ ಕೂರೋ ಹೆಂಗಸರಿಗೆ ಒಂದು ಶೌಚಾಲಯ ಕಟ್ಟಿಸಿ, ನಮ್ಮನೆಯವರು ಆ ದಿನ ನೀರೇ ಕುಡಿಯಲ್ಲ. ಸುಂಕ ಎಷ್ಟು ಅಂತ ಬೋರ್ಡ್ ಹಾಕಿ. ಬೆಳೆದೋರೇ ಮಾರೋಕೆ ಒಂದು ಸಾಲು ಬೇರೆ ಮಾಡಿ. ಇದನ್ನ ನಾನೊಬ್ಬ ಕೇಳಿದ್ರೆ ನಡೆಯಲ್ಲ, ಹತ್ತು ಜನ ಅಲ್ಲಿ ಕೂತಿದ್ದು ಕೇಳಿದ್ರೆ ನಡೀತದೆ.

ಈಗ ನಾವು ಮೂರು ಮನೆಯೋರು ಇದ್ದೀವಿ. ಯಾರಾದ್ರೂ ಬರೋರಿದ್ರೆ ಶನಿವಾರ ಬೆಳಗ್ಗೆ ಏಳಕ್ಕೆ ಅರಳಿಮರದ ಪಕ್ಕ ಬನ್ನಿ, ಜಾಗ ಹಿಡಿದಿರ್ತೀನಿ. ಮಾರೋಕೆ ಏನೂ ಇಲ್ಲದಿದ್ರೆ ಕೊಳ್ಳೋಕಾದ್ರೂ ಬನ್ನಿ. ಕೊಸರು ಕೇಳೋದೇ ಬೇಡ, ಹಾಕ್ತೀನಿ.