ಧೈರ್ಯ ಹೇಳುವ ಮೊದಲು ನಿಜ ಹೇಳಿ

ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿಯನ್ನು ಹಾದು ಶಿರಾ, ತುಮಕೂರು ಮಾರ್ಗವಾಗಿ ಸಾಗುವ ರಾಷ್ಟ್ರೀಯ ಹೆದ್ದಾರಿ ಬೆಂಗಳೂರು ಸೇರುವಾಗ ‘ತುಮಕೂರು ರಸ್ತೆ’ ಎನಿಸಿಕೊಳ್ಳುತ್ತದೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಈ ಬಯಲುಸೀಮೆಯ ಮಕ್ಕಳು ದುಡಿಮೆ ಅರಸಿ ಹೊರಡುವುದು ಇದೇ ದಾರಿಯಲ್ಲಿ. ಪೀಣ್ಯದ ಕಾರ್ಖಾನೆಯಲ್ಲೋ ಗಾರ್ಮೆಂಟ್ಸ್‌ನಲ್ಲೋ ದುಡಿಯುವ ಒಬ್ಬರ ಸಂಬಳ ನಿಂತರೆ ಊರಿನಲ್ಲಿ ಸಾಲದ ಕಂತು, ಅಪ್ಪನ ಔಷಧಿ, ತಂಗಿಯ ಕಾಲೇಜು ಶುಲ್ಕ ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ.

ಆರ್ಥಿಕ ಮುಗ್ಗಟ್ಟು ಎದುರಾದಾಗ ಸಂಸ್ಥೆಗಳು ನೌಕರರ ಮಾನಸಿಕ ನೆಮ್ಮದಿಗೆಂದು ಯೋಗ ಶಿಬಿರ, ಒತ್ತಡ ನಿರ್ವಹಣೆಯ ಉಪನ್ಯಾಸ ಏರ್ಪಡಿಸುವುದುಂಟು. ಅದು ತಪ್ಪೇನಲ್ಲ. ಆದರೆ ಮುಂದಿನ ತಿಂಗಳು ಕೆಲಸ ಉಳಿಯುತ್ತದೆಯೇ ಎಂದು ತಿಳಿಯದವರಿಗೆ ಪ್ರಾಣಾಯಾಮದಿಂದ ನಿದ್ದೆ ಬಂದೀತೇ?

2016ರ ಏಪ್ರಿಲ್‌ನಲ್ಲಿ ಇದೇ ತುಮಕೂರು ರಸ್ತೆಯಲ್ಲೂ ಹೊಸೂರು ರಸ್ತೆಯಲ್ಲೂ ಸಾವಿರಾರು ಗಾರ್ಮೆಂಟ್ಸ್ ನೌಕರರು, ಅವರಲ್ಲಿ ಬಹುಪಾಲು ಮಹಿಳೆಯರು, ಬೀದಿಗಿಳಿದದ್ದು ನೆನಪಿರಬಹುದು. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ಹಿಂಪಡೆಯುವಂತಿಲ್ಲ ಎಂಬ ಹೊಸ ನಿಯಮ ಅವರನ್ನು ಕೆರಳಿಸಿತ್ತು. ಕೇಂದ್ರ ಸರ್ಕಾರ ಏಪ್ರಿಲ್ 19ರಂದು ಅದನ್ನು ಹಿಂತೆಗೆದುಕೊಂಡಿತು. ಕೆಲಸ ಹೋದ ದಿನ ಕೈಹಿಡಿಯುವ ಗಂಟು ಇದೊಂದೇ ಎಂಬ ಭಾವನೆ ಅವರದಾಗಿತ್ತು. ಆ ಗಂಟಿನ ಭರವಸೆಯೇ ಅವರ ಮನಸ್ಸಿನ ಆಸರೆಯೂ ಆಗಿತ್ತು.

ಸಂಕಷ್ಟ ಮಾಲೀಕರಿಗೂ ಇದೆ. 2020ರ ಲಾಕ್‌ಡೌನ್‌ನಲ್ಲಿ ಸಣ್ಣ ಉದ್ದಿಮೆದಾರರೂ ನಿದ್ದೆಗೆಟ್ಟಿದ್ದಾರೆ. ಆದರೆ ನಿಜ ಹೇಳಲು ಬಂಡವಾಳ ಬೇಕಿಲ್ಲ. ಕೈಯಲ್ಲಿ ಎಷ್ಟು ತಿಂಗಳ ಕೆಲಸವಿದೆ, ಯಾರನ್ನು ಯಾವ ಮಾನದಂಡದ ಮೇಲೆ ಕೈಬಿಡಲಾಗುತ್ತದೆ ಎಂಬುದನ್ನು ಮೊದಲೇ ತಿಳಿಸಿದರೆ ಗಾಳಿಮಾತು ಅಡಗುತ್ತದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ, 300ಕ್ಕಿಂತ ಕಡಿಮೆ ಕಾರ್ಮಿಕರಿರುವ ಕಾರ್ಖಾನೆಗಳು ನೌಕರರನ್ನು ಕಡಿತಗೊಳಿಸಲು ಸರ್ಕಾರದ ಪೂರ್ವಾನುಮತಿ ಪಡೆಯಬೇಕಿಲ್ಲ. ಹಿಂದೆ ಈ ಮಿತಿ 100 ಇತ್ತು. ಕೆಲಸದಿಂದ ತೆಗೆದರೆ ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ ಪಾವತಿಸಬೇಕೆಂಬ ನಿಯಮವೂ ಅದೇ ಸಂಹಿತೆಗಳಲ್ಲಿದೆ. ಮೊದಲನೆಯದನ್ನು ಬಳಸಿಕೊಳ್ಳುವವರು ಎರಡನೆಯದನ್ನು ಮರೆಯದಂತೆ ಕಾರ್ಮಿಕ ಇಲಾಖೆ ನೋಡಿಕೊಳ್ಳಬೇಕು.

ಇನ್ನು ಚಿಕಿತ್ಸೆಯ ಮಾತು. ಮಾನಸಿಕ ಆರೋಗ್ಯ ಸೇವೆಯನ್ನು ಜಿಲ್ಲಾಮಟ್ಟಕ್ಕೆ ಒಯ್ಯುವ ಪ್ರಯೋಗವನ್ನು ನಿಮ್ಹಾನ್ಸ್ 1985ರಲ್ಲಿ ನಡೆಸಿದ್ದು ಚಿತ್ರದುರ್ಗದ ನೆರೆಯ ಬಳ್ಳಾರಿಯಲ್ಲಿ. ಮುಂದೆ ಅದೇ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೆ (14416) ಯಾರು ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಆದರೂ ನೌಕರರು ಹಿಂಜರಿಯುತ್ತಾರೆ. ನಿದ್ದೆ ಬರುತ್ತಿಲ್ಲವೆಂದು ಮೇಲ್ವಿಚಾರಕರಿಗೆ ಹೇಳಿಕೊಂಡರೆ ಕಡಿತದ ಪಟ್ಟಿಯಲ್ಲಿ ತಮ್ಮ ಹೆಸರೇ ಮೊದಲು ಬಂದೀತೆಂಬ ಅಂಜಿಕೆ ಅದಕ್ಕೆ ಕಾರಣ. ಆದ್ದರಿಂದ ಆಪ್ತಸಮಾಲೋಚನೆ ಆಡಳಿತ ಮಂಡಳಿಯ ಕಣ್ಣಿನಿಂದ ಹೊರಗಿರಬೇಕು. ಅಲ್ಲಿ ಆಡಿದ ಮಾತು ಅಲ್ಲಿಯೇ ಉಳಿಯಬೇಕು.

ಕೆಲಸ ಕಳೆದುಕೊಂಡವರು ಅದೇ ಹೆದ್ದಾರಿಯಲ್ಲಿ ಊರಿಗೆ ಮರಳಬೇಕಾಗಬಹುದು. ಬಾಕಿ ಸಂಬಳ ಕೈಗೆ ಬಂದು, ಕಾರಣವೂ ತಿಳಿದಿದ್ದರೆ ಅವರು ಮನೆಯವರ ಮುಂದೆ ತಲೆತಗ್ಗಿಸಬೇಕಾಗುವುದಿಲ್ಲ. ಸಂಸ್ಥೆಗಳು ಕನಿಷ್ಠ ಇಷ್ಟನ್ನಾದರೂ ಮಾಡಲಿ.